ಮಾವನವರ ರೈಲು ಹೊರಟಿತು

ತೊಂದರೆಯೆಲ್ಲ ಶುರುವಾದದ್ದು ಒಂದು ಸಿ.ಡಿ.ಯಿಂದ. ನೀರು ಸರಬರಾಜು ಕಚೇರಿಯ ಗುಮಾಸ್ತರಿಗೆ ಅದನ್ನು ಕೊಟ್ಟವಳು ಪಕ್ಕದ ಮೇಜಿನ ಟೈಪಿಸ್ಟ್. ಒಳಗಿದ್ದದ್ದು ರೈಲು ಓಡಿಸುವ ಆಟ.

"ನಿಮ್ಮ ಮಾವನವರನ್ನ ಇದರ ಮುಂದೆ ಕೂರಿಸಿ ಸಾರ್. ಆಮೇಲೆ ಅವರು ಮನೇಲಿದ್ದಾರೆ ಅನ್ನೋದೇ ಮರೆತುಹೋಗುತ್ತೆ" ಎಂದಿದ್ದಳು.

ಮಾವನವರನ್ನು ಮರೆಯುವುದು ಹೇಳಿದಷ್ಟು ಸುಲಭವಲ್ಲ. ಜೀವಮಾನವೆಲ್ಲ ರೈಲಿನ ಇಂಜಿನ್ ಓಡಿಸಿ ನಿವೃತ್ತರಾದ ಆಳೆತ್ತರದ ಮನುಷ್ಯ. ಇಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಬೆಳೆದ ಗಂಟಲು. ಕೈಗೆ ಸುಮ್ಮನಿದ್ದು ಗೊತ್ತಿಲ್ಲ. ಮಗಳ ಮನೆಗೆ ಬಂದ ವಾರದಲ್ಲೇ ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಕಟ್ಟಡದ ನೀರಿನ ಪಂಪು ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದರು. ಎಲ್ಲವೂ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಂಪು ಬಿಚ್ಚಿದ ದಿನ ಇಡೀ ಕಟ್ಟಡ ಸ್ನಾನವಿಲ್ಲದೆ ಕೆಲಸಕ್ಕೆ ಹೋಗಿತ್ತು. ಅಂದಿನಿಂದ ಮಗಳ ಆಜ್ಞೆ: ಅಪ್ಪನನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ.

ಆ ಭಾನುವಾರ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅದೇ ಸಂಜೆ ಐದಕ್ಕೆ ಬೀದಿಯ ಚೆಸ್ ಕ್ಲಬ್ಬಿನಲ್ಲಿ ಫೈನಲ್. ಹುಟ್ಟಿದಾಗಿನಿಂದ ಒಂದು ಬಹುಮಾನದ ಮುಖ ಕಾಣದ ಗುಮಾಸ್ತರು ಅದು ಹೇಗೋ ಫೈನಲ್ ತಲುಪಿಬಿಟ್ಟಿದ್ದರು. ಎದುರಾಳಿ ಮೂಲೆಯಂಗಡಿಯ ಟೈಲರ್.

"ಮಾವನವರನ್ನ ಕ್ಲಬ್ಬಿಗೇ ಕರ್ಕೊಂಡು ಹೋಗ್ಲಾ?" ಎಂದು ಹೆಂಡತಿಯನ್ನು ಕೇಳಿದರು.

"ಹೋದ ವಾರ ಕರ್ಕೊಂಡು ಹೋಗಿದ್ದು ಮರೆತುಹೋಯ್ತಾ?" ಎಂದಳು ಆಕೆ ಚಪ್ಪಲಿ ಮೆಟ್ಟುತ್ತ. "ಯೋಚನೆ ಮಾಡ್ತಾ ಕೂತವರಿಗೆಲ್ಲ 'ಲೇಟಾಯ್ತು, ಲೇಟಾಯ್ತು' ಅಂತ ಕೂಗಿದ್ರಂತೆ. ಇನ್ನೊಂದ್ಸಲ ಕರ್ಕೊಂಡು ಬರಬೇಡಿ ಅಂತ ಸೆಕ್ರೆಟರಿ ಕೈಮುಗಿದಿದ್ದಾರೆ. ಆ ಆಟ ಹಾಕಿಕೊಡಿ. ಅಪ್ಪ ಅದರಲ್ಲಿ ಮುಳುಗಿದ್ರೆ ನೀವು ಧಾರಾಳವಾಗಿ ಹೋಗಿ."

ಗುಮಾಸ್ತರು ಸಿ.ಡಿ. ತೂರಿಸಿದರು. ಕಂಪ್ಯೂಟರ್ ಗೊರಗೊರ ಎಂದಿತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಉತ್ಸಾಹದಿಂದ ಅರ್ಧದವರೆಗೆ ಓಡಿ ನಿಂತಿತು. ಕಾದರು. ಅದು ಕದಲಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರೆ ಏನೋ ಸಂದೇಶ ಬಂತು. ಅದರ ಕೆಳಗಿದ್ದ 'ಸರಿ'ಯನ್ನು ಒತ್ತಿದರು, ಸಂದೇಶ ಹೋಯಿತು. ಆಟವೂ ಬರಲಿಲ್ಲ.

ಮಾವನವರು ಹಿಂದೆ ಕುರ್ಚಿ ಹಾಕಿಕೊಂಡು, ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟು ಕೂತಿದ್ದರು. ಆಶ್ಚರ್ಯವೆಂದರೆ ಕೈ ಹಾಕಲಿಲ್ಲ. "ಇನ್ನೊಬ್ಬರು ಚಾರ್ಜಿನಲ್ಲಿರೋ ಗಾಡಿ ಮುಟ್ಟೋದು ತಪ್ಪು ಅಳಿಯಂದ್ರೇ. ನೀವು ನಡೆಸಿ" ಎಂದರು.

ಗೊರಗೊರ ಕೇಳಿ ಮೊದಲು ಬಂದವರು ಎದುರು ಮನೆಯ ಔಷಧಿ ಅಂಗಡಿಯವರು. ಕಂಪ್ಯೂಟರನ್ನು ಒಂದು ನಿಮಿಷ ನೋಡಿ, ಅದರ ಬೆನ್ನ ಮೇಲೆ ಅಂಗೈ ಇಟ್ಟರು.

"ಬಿಸಿ ಇದೆ. ಎಷ್ಟು ದಿನದಿಂದ?"

"ಇವತ್ತು ಬೆಳಿಗ್ಗೆಯಿಂದ."

"ವೈರಸ್ಸು" ಎಂದು ತೀರ್ಪು ಕೊಟ್ಟರು. ವೈರಸ್ ಹುಡುಕುವ ಕಿಟಕಿಯೊಂದನ್ನು ಪರದೆಯ ತುಂಬ ತೆರೆದರು. ಅದು ಹುಡುಕಿತು, ಹುಡುಕಿತು, ಏನೂ ಸಿಗಲಿಲ್ಲ ಎಂದಿತು. "ಒಳಗೆ ಅಡಗಿರುತ್ತೆ. ಆಫ್ ಮಾತ್ರ ಮಾಡಬೇಡಿ, ವಿಶ್ರಾಂತಿ ಕೊಡಿ" ಎಂದು ಹೇಳಿ ಅಲ್ಲೇ ಕೂತುಬಿಟ್ಟರು. ಅವರಿಗೂ ಭಾನುವಾರ ರಜೆ.

ಅವರ ಹಿಂದೆಯೇ ಬಂದರು ಮೇಲಿನ ಮಹಡಿಯ ಭೂಗೋಳದ ಮೇಷ್ಟ್ರು. "ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಜಾಗ ಇಲ್ಲ! ಇಷ್ಟು ಉದ್ದದ ರೈಲು, ಹಳಿ, ಸೇತುವೆ, ಸುರಂಗ ಎಲ್ಲ ಎಲ್ಲಿ ಇಳೀಬೇಕು?" ಎನ್ನುತ್ತ ಮೌಸನ್ನು ಕಸಿದುಕೊಂಡರು. ಗುಮಾಸ್ತರು ಬೇಡಬೇಡ ಎನ್ನುವಷ್ಟರಲ್ಲಿ ಮೇಷ್ಟ್ರ ಬೆರಳು ಕಟಕಟನೆ ಅಳಿಸತೊಡಗಿತ್ತು. ಹಳೆಯ ಫೋಟೋ ಹೋದವು, ಹಾಡು ಹೋದವು. ಕೊನೆಗೆ ಟೈಲರ್ ಯಾವ ನಡೆಗೆ ತಡವರಿಸುತ್ತಾನೆ ಎಂದು ಗುಮಾಸ್ತರು ತಿಂಗಳುಗಟ್ಟಲೆ ಕದ್ದು ನೋಡಿ ಟೈಪ್ ಮಾಡಿಟ್ಟಿದ್ದ ಫೈನಲ್‌ನ ತಯಾರಿಯೆಲ್ಲ ಹೋಯಿತು.

"ಅಯ್ಯೋ, ಅದು ಬೇಕಾಗಿತ್ತು ಮೇಷ್ಟ್ರೇ!"

"ಬೇಕಾದ್ದನ್ನ ಬೇಕಾದವರು ತಲೇಲಿ ಇಟ್ಕೋಬೇಕು" ಎಂದರು ಮೇಷ್ಟ್ರು. "ಈಗ ಹಾಕಿ ನೋಡಿ."

ಹಾಕಿದರು. ಅದೇ ಸಂದೇಶ. ಮೇಷ್ಟ್ರು 'ಸರಿ' ಒತ್ತಿದರು. ಔಷಧಿಯವರು ಇನ್ನೊಮ್ಮೆ ಹಾಕಿ ತಾವೂ 'ಸರಿ' ಒತ್ತಿದರು. ಆಮೇಲೆ ವೈರಸ್ಸೋ ಜಾಗವೋ ಎಂದು ಇಬ್ಬರಿಗೂ ಜಟಾಪಟಿ ಹತ್ತಿಕೊಂಡಿತು. ಒಬ್ಬರ ಡಿಗ್ರಿ ಇನ್ನೊಬ್ಬರು ಕೆದಕುವ ಹಂತಕ್ಕೆ ಹೋಯಿತು. ಊಟದ ಹೊತ್ತು ದಾಟಿತು. ಗುಮಾಸ್ತರು ಬಾಗಿಲಿಗೂ ಕಂಪ್ಯೂಟರಿಗೂ ನಡುವೆ ಶತಪಥ ಹಾಕುತ್ತಿದ್ದರು. ಕ್ಲಬ್ಬಿನಿಂದ ಫೋನ್ ಬಂತು: "ಬಹುಮಾನದ ಕಪ್ಪು ತಂದಿಟ್ಟಿದ್ದೀವಿ ಸಾರ್, ಫಳಫಳ ಅಂತಿದೆ. ಐದು ಮೀರಿದ್ರೆ ಟೈಲರ್ ಗೆದ್ದ ಹಾಗೇ ಲೆಕ್ಕ."

ಗುಮಾಸ್ತರು ಸಾಧು ಪ್ರಾಣಿ. ಅವರು ದನಿ ಎತ್ತಿದ್ದನ್ನು ಹೆಂಡತಿಯೂ ಕೇಳಿದವಳಲ್ಲ. ಅಂಥವರು ಅಂದು ಇಬ್ಬರು ನೆರೆಯವರ ರಟ್ಟೆ ಹಿಡಿದು, "ದಯವಿಟ್ಟು ಮನೆಗೆ ಹೋಗಿ" ಎಂದು ಹೊರಗೆ ಬಿಟ್ಟು ಚಿಲಕ ಹಾಕಿದರು. ಬಂದು ಕಂಪ್ಯೂಟರಿನ ಮುಂದೆ ಗಟ್ಟಿಯಾಗಿ ಕೂತು ಮತ್ತೊಮ್ಮೆ ಆಟ ಹಾಕಿದರು. ಬೆಳಗಿನಿಂದ ಯಾರೂ ಮಾಡದಿದ್ದ ಒಂದು ಕೆಲಸ ಮಾಡಿದರು. ಬಂದ ಸಂದೇಶವನ್ನು ಓದಿದರು.

'ಇದೇ ಆಟವನ್ನು ಹಾಕುವ ಕೆಲಸ ಆಗಲೇ ನಡೆಯುತ್ತಿದೆ. ಅದು ಮುಗಿಯುವವರೆಗೆ ಕಾಯಿರಿ.'

ಎಲ್ಲಿ ನಡೆಯುತ್ತಿದೆ? ತೆರೆದಿದ್ದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರು. ಮೇಷ್ಟ್ರದ್ದು ಮುಚ್ಚಿತು, ಔಷಧಿಯವರದ್ದು ಮುಚ್ಚಿತು, ನಿಂತೇ ಇದ್ದ ಹಸಿರು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಎಲ್ಲದರ ಅಡಿಯಲ್ಲಿ ಒಂದು ಪುಟ್ಟ ಪ್ರಶ್ನೆ ಬೆಳಗಿನಿಂದ ಕಾದು ಕೂತಿತ್ತು: 'ನಮ್ಮ ಷರತ್ತುಗಳಿಗೆ ನಿಮ್ಮ ಒಪ್ಪಿಗೆ ಇದೆಯೇ?'

ಗುಮಾಸ್ತರು ಒಪ್ಪಿದರು. ಹಸಿರು ಪಟ್ಟಿ ಸರ್ರನೆ ತುದಿ ಮುಟ್ಟಿತು. ಪರದೆಯ ಮೇಲೆ ನೀಲಿ ಇಂಜಿನ್ ನಿಂತ ನಿಲ್ದಾಣ ಬೆಳಗಿತು.

"ಭಲೇ ಅಳಿಯಂದ್ರೇ!" ಮಾವನವರು ಎದ್ದೇ ನಿಂತರು. "ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ. ಊಟ ಬಿಟ್ರಿ, ಕೆಲಸ ಕೈಬಿಡಲಿಲ್ಲ. ಎಲ್ಲರೂ ಒತ್ತಿದ್ರು, ನೀವು ಓದಿದ್ರಿ. ಇಂಥ ಆಳು ನನ್ನ ಕಾಲದಲ್ಲಿ ಹತ್ತರಲ್ಲಿ ಒಬ್ಬ ಸಿಗ್ತಿರಲಿಲ್ಲ."

ಮದುವೆಯಾದಾಗಿನಿಂದ ಮಾವನವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಗುಮಾಸ್ತರು ಗಡಿಯಾರ ನೋಡಿದರು. ಐದಕ್ಕೆ ಇನ್ನೂ ಕಾಲು ಗಂಟೆ ಇತ್ತು.

ಮಾವನವರು ಮುಖ ತೊಳೆದು, ಶರ್ಟಿನ ಗುಂಡಿಯೆಲ್ಲ ಹಾಕಿಕೊಂಡು ಬಂದು ಕೂತರು. ಯಾವ ಕೀಲಿ ಏನು ಎಂದು ಒಮ್ಮೆ ಕೇಳಿದರು, ಎರಡನೇ ಸಲ ಕೇಳಲಿಲ್ಲ. ಬ್ರೇಕ್ ಪರೀಕ್ಷಿಸಿದರು. ಸೀಟಿ ಹಾಕಿದರು. ಆ ದಪ್ಪ ಬೆರಳುಗಳು ಕೀಲಿಗಳ ಮೇಲೆ ಅಷ್ಟು ಹಗುರಾಗಿ ಓಡಾಡುವುದನ್ನು ನೋಡುತ್ತ ಗುಮಾಸ್ತರಿಗೆ ಒಂದು ಕ್ಷಣ ಫೈನಲ್ಲೇ ಮರೆತುಹೋಯಿತು. ಎಂಥ ಮನುಷ್ಯ ಎನ್ನಿಸಿತು. ನೆನಪಾದದ್ದೇ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಬಾಗಿಲ ಕಡೆ ನಡೆದರು.

"ಎಲ್ಲಿಗೆ?"

"ಇಲ್ಲೇ ಮಾವ, ಕ್ಲಬ್ಬಿಗೆ. ನೀವು ಓಡಿಸ್ತಾ ಇರಿ."

"ಒಬ್ಬನೇನಾ?" ಮಾವನವರ ಮುಖದಲ್ಲಿ ನಿಜವಾದ ಗಾಬರಿ ಇತ್ತು. "ಇಂಜಿನ್ನಿನಲ್ಲಿ ಇಬ್ಬರಿರಬೇಕು ಅಳಿಯಂದ್ರೇ. ಸಹಾಯಕ ಸಿಗ್ನಲ್ಲಿನ ಬಣ್ಣ ನೋಡಿ ಕೂಗಬೇಕು, ನಾನೂ ನೋಡಿ ತಿರುಗಿ ಕೂಗಬೇಕು. ಎರಡು ಬಾಯಿ ಒಂದೇ ಮಾತು ಹೇಳಿದ ಮೇಲೇ ಗಾಡಿ ಮುಂದಕ್ಕೆ. ನನ್ನ ಇಡೀ ಸರ್ವೀಸಿನಲ್ಲಿ ಒಬ್ಬನೇ ಗಾಡಿ ಬಿಟ್ಟವನಲ್ಲ."

"ಇದು ಆಟ ಮಾವ..."

"ಹಿಂದೆ ಡಬ್ಬಿ ನೋಡಿ, ಮಕ್ಕಳು ಮರಿ ಕೂತಿದ್ದಾರೆ." ಪರದೆಯಲ್ಲಿ ಕೂತಿದ್ದವು ನಿಜ. "ನಿಮ್ಮನ್ನ ಬಿಟ್ರೆ ಇನ್ಯಾರನ್ನ ನಂಬಲಿ? ಆ ಔಷಧಿಯವರನ್ನ ಕರೀಲಾ?"

ಹೊಗಳಿಸಿಕೊಂಡ ಮೇಲೆ ಇಲ್ಲ ಎನ್ನುವುದು ಹೇಗೆ? ಗುಮಾಸ್ತರು ಪಕ್ಕದಲ್ಲಿ ಕೂತರು. "ಬರೋ ಸ್ಟೇಷನ್‌ನಲ್ಲಿ ಇಳಿದುಬಿಡ್ತೀನಿ ಮಾವ" ಎಂದರು.

"ಕೊನೇ ನಿಲ್ದಾಣದವರೆಗೆ ಡ್ಯೂಟಿ. ನಡುವೆ ಇಳಿಯೋ ಹಾಗಿಲ್ಲ." ಫೋನ್ ರಿಂಗಾಯಿತು. ಮಾವನವರು ಅದನ್ನು ಆಫ್ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

ಹೆಂಡತಿ ಬಂದಾಗ ದೀಪ ಹಚ್ಚುವ ಹೊತ್ತು. ರೈಲು ಸುರಂಗದಿಂದ ಹೊರಬಿದ್ದು ಸೇತುವೆಯ ಮೇಲೆ ನೂಲು ಹಿಡಿದಂತೆ ಸಾಗುತ್ತಿತ್ತು. ಗುಮಾಸ್ತರ ಗಂಟಲು ಕೂಗಿ ಕೂಗಿ ಒಡೆದಿತ್ತು.

"ಟೈಲರ್ ಕಪ್ಪು ಎತ್ತಿಕೊಂಡು ಬೀದಿಯಲ್ಲಿ ಮೆರೆದಾಡ್ತಿದ್ದಾನೆ. ನೀವು ಹೋಗಲೇ ಇಲ್ವಂತೆ?"

"ಹೋದ್ರೆ ಗಾಡಿ ಯಾರು ನೋಡ್ತಿದ್ರು? ಚಿನ್ನದಂಥ ಅಳಿಯ ಕಣಮ್ಮ!" ಎಂದರು ಮಾವನವರು ಪರದೆಯಿಂದ ಕಣ್ಣು ತೆಗೆಯದೆ. "ನಾಳೆಯಿಂದ ದಿನಾ ಸಂಜೆ ಇವರಿಗೇ ಡ್ಯೂಟಿ ಹಾಕಿದ್ದೀನಿ."

ಹೆಂಡತಿಯ ಮುಖ ಅರಳಿತು. "ಸದ್ಯ, ಇನ್ನು ಅಪ್ಪ ಒಬ್ಬರೇ ಇರ್ತಾರೆ ಅನ್ನೋ ಚಿಂತೆ ಇಲ್ಲ. ನಿಮಗೂ ಒಪ್ಪಿಗೆ ತಾನೆ?"

ಗುಮಾಸ್ತರು ಹೆಂಡತಿಯ ಕಡೆ ತಿರುಗಿದರು. ಕಪ್ಪು, ಟೈಲರು, ಬರಲಿರುವ ಸಂಜೆಗಳು ಎಲ್ಲವೂ ಒಮ್ಮೆಲೇ ನಾಲಿಗೆಯ ತುದಿಗೆ ಬಂದವು. ಬಾಯಿ ತೆರೆದರು. ಅಷ್ಟರಲ್ಲಿ ಕಡೆಗಣ್ಣಿಗೆ ಮುಂದಿನ ಸಿಗ್ನಲ್ ಬಿತ್ತು.

"ಹಳದಿ!" ಎಂದು ಕೂಗಿದರು.

"ಹಳದಿ!" ಎಂದು ತಿರುಗಿ ಕೂಗಿದ ಮಾವನವರು ನಿಧಾನವಾಗಿ ಬ್ರೇಕ್ ಹಾಕಿದರು.