ಅತ್ತೆಯ ಹೆಸರಿನ ಸೊಸೆ

ನಮ್ಮ ದೊಡ್ಡಮ್ಮನಿಗೆ ಹೆದರದವರು ಹಾರನಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ತಮಾಷೆಯೆಂದರೆ, ಸರ್ಕಾರದ ಲೆಕ್ಕದಲ್ಲಿ ದೊಡ್ಡಮ್ಮನೇ ಇನ್ನೂ ಹುಟ್ಟಿರಲಿಲ್ಲ! ನಮ್ಮಮ್ಮನ ಅಕ್ಕನಾದ, ಎಪ್ಪತ್ತು ದಾಟಿದ ಇವಳ ಬಳಿ ಆಧಾರ್ ಹಾಗಿರಲಿ, ತನ್ನದೆನ್ನುವ ಒಂದು ಚೀಟಿಯೂ ಇರಲಿಲ್ಲ. ಕಾರ್ಡು ಮಾಡುವವರು ಊರಿಗೆ ಬಂದಾಗಲೆಲ್ಲ, "ಬೆರಳು ಒತ್ತಿಸ್ಕೊಂಡು ತ್ವಾಟ ಬರೆಸ್ಕೋತಾರೆ ಕಣ್ಲಾ" ಎಂದು ಕೊಬ್ಬರಿ ಅಟ್ಟ ಹತ್ತಿ ಕೂತುಬಿಡುತ್ತಿದ್ದಳು. ಅವರು ಊರು ಬಿಟ್ಟದ್ದು ಖಾತ್ರಿಯಾದ ಮೇಲೆಯೇ ಏಣಿ ಇಳಿಯುತ್ತಿದ್ದದ್ದು.

ಅಂಥವಳ ಕಣ್ಣಿಗೆ ಪೊರೆ ಬಂತು. ಒಂದು ದಿನ ಜಗಲಿಯ ಮೇಲಿದ್ದ ಕೊಬ್ಬರಿ ಚೀಲವನ್ನು "ಕಾಫಿ ಕುಡೀತೀರಾ?" ಎಂದು ಉಪಚರಿಸಿದಳಂತೆ. ಅದು ಮಾತಾಡದಿದ್ದಾಗ "ಎಷ್ಟು ಜಂಬ ನೋಡು!" ಎಂದು ಬೈದಳಂತೆ. ಹಾಸನದ ಡಾಕ್ಟರು, "ಎರಡು ಕಣ್ಣಿನ ಪೊರೆಯೂ ಬಲಿತುಬಿಟ್ಟಿದೆ, ತಡ ಮಾಡಬೇಡಿ. ಆಪರೇಷನ್ನಿಗೆ ಬರುವಾಗ ಆಧಾರ್ ತನ್ನಿ" ಎಂದರು. ನನಗೆ ನಿಜಕ್ಕೂ ಭಯವಾಯಿತು. ಊರಿನವರ ತಪ್ಪನ್ನೆಲ್ಲ ಕಣ್ಣಲ್ಲೇ ಹಿಡಿಯುವ ದೊಡ್ಡಮ್ಮ ಕುರುಡಿಯಾಗಿ ಮೂಲೆಯಲ್ಲಿ ಕೂರುವುದೆಂದರೇನು?

ಅರಸೀಕೆರೆಯ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕಂಪ್ಯೂಟರಿನ ಮುಂದಿದ್ದ ಹೆಣ್ಣುಮಗಳು ಕೇಳಿದಳು:

"ಹೆಸರೇನಜ್ಜಿ?"

"ಗೌರಮ್ಮ."

"ಹುಟ್ಟಿದ್ದು ಯಾವಾಗ?"

"ಹುಟ್ದಾಗ ನಂಗೇನವ್ವ ಗೊತ್ತಿತ್ತು?"

"ದಾಖಲೆ ಏನಿದೆ?"

"ನಾನೇ ಮುಂದೆ ಕೂತಿಲ್ವಾ?"

ಚೀಲ ಸುರಿದು ನೋಡಿದೆವು. ಕರೆಂಟು ಬಿಲ್ಲಿನಲ್ಲಿ ಮಾವನ ಹೆಸರು, ಮಠದ ರಸೀದಿಯಲ್ಲಿ ಗಂಡನ ಹೆಸರು, ಪಹಣಿಯಲ್ಲಿ ಮಗನ ಹೆಸರು. ಐವತ್ತು ವರ್ಷ ಆ ಮನೆಯಲ್ಲಿ ಬಾಳಿದವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

ಮನೆಗೆ ಬಂದು ಗೊಣಗಿದರೆ ಅಮ್ಮ ತಣ್ಣಗೆ ಹೇಳಿದಳು: "ಗೌರಮ್ಮ ಅನ್ನೋದು ಅಕ್ಕನ ಹೆಸರೇ ಅಲ್ಲ ಕಣೋ!"

ವಿಷಯ ಇಷ್ಟು. ನಮ್ಮ ಅಜ್ಜಿ ಇಟ್ಟ ಹೆಸರೂ ದೊಡ್ಡಮ್ಮನ ಅತ್ತೆಯ ಹೆಸರೂ ಒಂದೇ. ಸೊಸೆಯನ್ನು ಬೈಯುವಾಗ ತನ್ನ ಹೆಸರೇ ಬಾಯಿಗೆ ಬಂದರೆ ಅತ್ತೆಗೆ ಬೈದ ಸುಖ ಸಿಗುತ್ತದೆಯೇ? ಅದಕ್ಕೇ ಧಾರೆಯ ದಿನವೇ ಸೊಸೆಗೆ ಗೌರಮ್ಮನೆಂದು ಹೊಸ ಹೆಸರಿಟ್ಟರು. ಹಳೆಯದನ್ನು ಆ ಮನೆಯವರೆಲ್ಲ ಮರೆತರು.

ಹಳೆಯ ಹೆಸರು ಹಿಡಿದು ಊರಿನ ಕಚೇರಿಗೆ ಹೋದೆವು. ಗುಮಾಸ್ತ ಪುಸ್ತಕ ತೆಗೆದು, "ಆ ಮನೇಲಿ ಆ ಹೆಸರಿನೋರು ತೀರ್ಕೊಂಡವ್ರೆ ಸಾರ್, ಮರಣಪತ್ರ ಕೊಟ್ಟಾಗೈತೆ" ಎಂದ. ಅದು ಅತ್ತೆಯದು; ಆದರೂ ಲೆಕ್ಕದಲ್ಲಿ ದೊಡ್ಡಮ್ಮ ಹಳೆಯ ಹೆಸರಿನಲ್ಲಿ ಸತ್ತಿದ್ದಾಳೆ, ಹೊಸ ಹೆಸರಿನಲ್ಲಿ ಹುಟ್ಟಿಲ್ಲ!

"ನಮ್ಮತ್ತೆ ಕೈಲೇ ಸಾಯ್ದೋಳು ಕಣಪ್ಪ ನಾನು, ನೀನು ಒಂದೇ ಗೆರೇಲಿ ಸಾಯಿಸ್ಬುಟ್ಟೆ" ಎಂದು ದೊಡ್ಡಮ್ಮ ಎದ್ದಳು. ಗುಮಾಸ್ತನೂ ಎದ್ದು ನಿಂತ.

ಉಳಿದದ್ದು ಅವಳ ತವರು ಹುಲಿಕೆರೆ. ಅಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದಳು. ಬಸ್ಸಿನಲ್ಲಿ ಹೆಂಗಸರಿಗೆಲ್ಲ ಪುಕ್ಕಟೆ, ಕಾರ್ಡಿಲ್ಲದ ಇವಳೊಬ್ಬಳಿಗೆ ಟಿಕೆಟ್ಟು. "ಈ ಬಸ್ಸಲ್ಲಿ ನಾನೊಬ್ಳೇ ಮರ್ಯಾದಸ್ತೆ" ಎಂದು ಹಳೇಬೀಡಿನವರೆಗೂ ಅದನ್ನು ಎಲ್ಲರಿಗೂ ತೋರಿಸಿದಳು.

ಹುಲಿಕೆರೆಯ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯರು. ಗೆದ್ದಲು ತಿಂದುಳಿದ ರಿಜಿಸ್ಟರುಗಳನ್ನು ಹೊರಗೆ ತಂದಿಟ್ಟು, "ಹೆಸರು ಹೇಳಿ ತಾಯಿ" ಎಂದರು. ದೊಡ್ಡಮ್ಮ ತುಟಿ ಬಿಗಿದುಕೊಂಡಳು.

"ಹೇಳು ದೊಡ್ಡಮ್ಮ."

"ಅತ್ತೆ ಹೆಸರು ಬಾಯಲ್ಲಿ ಹೇಳ್ಬಾರ್ದು ಕಣ್ಲಾ."

"ಅದು ನಿನ್ನ ಹೆಸರೂ ಹೌದಲ್ಲ?"

"ಹಿರೇರು ಅವ್ರು. ಮೊದ್ಲು ಅವ್ರದು!"

ಸತ್ತು ಇಪ್ಪತ್ತು ವರ್ಷವಾದ ಅತ್ತೆಗೆ ಇಷ್ಟು ಮರ್ಯಾದೆ! ಕೊನೆಗೆ ನಾನೇ ಹೆಡ್‌ಮಾಸ್ಟರ ಕಿವಿಯಲ್ಲಿ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಮಾಸಿದ ಮಸಿಯಲ್ಲಿ ಅವಳು ಸಿಕ್ಕಳು: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಅವರು ಬರೆದುಕೊಟ್ಟ ಶಾಲೆಯ ಪತ್ರಕ್ಕೆ ಅಧಿಕಾರಿಯೊಬ್ಬರ ಸಹಿ ಹಾಕಿಸಿ, ಅರಸೀಕೆರೆಗೆ ಇನ್ನೂ ಮೂರು ಸಲ ಅಲೆದು, ಅಂತೂ ಕಾರ್ಡು ಬಂತು. ಮಂಜುಗಣ್ಣಿಗೆ ಅಕ್ಷರ ಕಾಣದೆ ದೊಡ್ಡಮ್ಮ ಅದನ್ನು ಸವರಿ ನೋಡಿ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು.

ಮೊದಲ ಕಣ್ಣಿನ ಆಪರೇಷನ್ ಆಯಿತು. ಮಾರನೆಯ ದಿನ ನರ್ಸು ಪಟ್ಟಿ ಬಿಚ್ಚಿ, "ಏನಾದ್ರೂ ಓದಿ ನೋಡೋಣ ಅಜ್ಜಿ" ಎಂದಳು. ದೊಡ್ಡಮ್ಮ ಚೀಲದಿಂದ ಕಾರ್ಡು ತೆಗೆದು, ಬೆರಳಿಟ್ಟು, ಮೂರನೇ ಕ್ಲಾಸಿನ ಮಗುವಿನಂತೆ ಕೂಡಿಸಿ ಕೂಡಿಸಿ ಓದಿದಳು: "ಗಿ... ರಿ... ಜ... ಮ್ಮ."

"ಅಯ್ಯೋ, ಅತ್ತೆ ಹೆಸರು ಹೇಳಿಬಿಟ್ಟೆಯಲ್ಲ!" ಎಂದು ರೇಗಿಸಿದೆ.

"ಸುಮ್ಕಿರ್ಲಾ. ಇದು ನಂದು. ನಮ್ಮವ್ವ ಇಟ್ಟಿದ್ದು" ಎಂದಳು. ಸ್ವಲ್ಪ ಹೊತ್ತು ಕಾರ್ಡನ್ನೇ ನೋಡಿ ಮೆಲ್ಲಗೆ ಕೇಳಿದಳು: "ಅವ್ವ ಹೋದ್ಮೇಲೆ ಯಾರೂ ಕರ್ದಿಲ್ಲ. ಒಂದ್ಸಲ ನೀನು ಕರೀತೀಯೇನ್ಲಾ?"

ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂದು ನನಗೆ ಕಿವಿ ಹಿಂಡಿ ಕಲಿಸಿದವಳೇ ಅವಳು. ಆದರೂ ಕರೆದೆ.

"ಗಿರಿಜಮ್ಮಾ..."

"ಓ" ಎಂದಳು ದೊಡ್ಡಮ್ಮ.