ಸೊಸೆಯ ಗಂಟಿಗೆ ನಾನು ಹಾಕಿದ ಕೀಲಿ

ಗಂಟು ಕಟ್ಟುವುದರಲ್ಲಿ ನನಗೆ ಸ್ವಲ್ಪ ಸೊಕ್ಕಿದೆ. ಓದುಬರಹ ಅಷ್ಟಕ್ಕಷ್ಟೇ, ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಆದರೆ ನಾನು ಬಿಗಿದ ಗಂಟನ್ನು ಬೀದರಿನಿಂದ ಭಾಲ್ಕಿಯವರೆಗೆ ಬಸ್ಸಿನ ತಲೆ ಮೇಲೆ ಎಸೆದು ಒಯ್ದರೂ ಒಳಗಿನ ಹಪ್ಪಳ ಮುರಿಯುವುದಿಲ್ಲ. ಅಂಥ ನನ್ನ ಮುಂದೆ ಸೊಸೆ ಜ್ಯೋತಿ ತಾನೂ ಗಂಟು ಕಟ್ಟುತ್ತಿದ್ದೇನೆ ಎಂದಳು. ಅವಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಮಡಚಿದ ಸೀರೆ ನೆಟ್ಟಗಿರುವುದಿಲ್ಲ. ನನಗೆ ನಗು ಬಂತು.

ಅವಳ ಗಂಟು ಕಂಪ್ಯೂಟರಿನೊಳಗಿನದು. ಫೋಟೋ, ಹಾಡು, ಕಾಗದಪತ್ರ ಎಲ್ಲವನ್ನೂ ಒತ್ತಿ ಒಂದೇ ಫೈಲಾಗಿ ಕಟ್ಟಿ ಕೀಲಿ ಹಾಕುವ ಹೊಸ ಬಗೆ. ಬೇರೆ ಬೇರೆ ಊರಿನ ಕೆಲವರು ಕೂಡಿ, ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಮಾಡುತ್ತಿದ್ದಾರಂತೆ. ಒಬ್ಬೊಬ್ಬರೂ ಒಂದೊಂದು ಬಗೆಯ ಗಂಟು ಕಟ್ಟಿ ತರಬೇಕು, ಪರೀಕ್ಷೆ ಮಾಡಿ ಒಂದನ್ನು ಆರಿಸುತ್ತಾರಂತೆ.

"ಒಂದು ಕಡಿ ಕೆಟ್ಟರ ಪೂರಾ ಗಂಟು ಹಾಳಾಗಬಾರ್ದು ನೋಡ್ರಿ ಅತ್ತಿ. ಹಾಳಾದ ತುಂಡು ಉಳಿದ ತುಂಡಿನಿಂದ ಮತ್ತ ಹುಟ್ಟಬೇಕು."

"ಅಷ್ಟೂರಾಗ ಸಿಡ್ಲು ಬಡದ ಗುಮ್ಮಟ ಇನ್ನಾ ನಿಂತದ. ಬಿದ್ದ ಅರ್ಧ ಮಾತ್ರ ಇವತ್ತಿನ ತನಾ ಹುಟ್ಟಿಲ್ಲ," ಅಂದೆ.

"ಅದನ್ನೇ ನಾ ಹುಟ್ಟಸ್ಲತ್ತೀನ್ರಿ."

ಇನ್ನೊಂದು ವಿಚಿತ್ರವೆಂದರೆ ಆ ಗಂಟು ಕಟ್ಟುವ ರೀತಿಯನ್ನೆಲ್ಲ ಲೋಕಕ್ಕೆ ತೋರಿಸಿ ಇಟ್ಟಿದ್ದಾಳೆ.

"ಕಳ್ಳರಿಗಿ ದಾರಿ ತೋರಿಸಿದಿ. ಚಹಾನೂ ಕುಡಸ್ತಿ ಏನವ್ವಾ?"

"ಕುಡಸ್ತೇನ್ರಿ. ಕುಂತು ತಪ್ಪು ಹುಡುಕ್ಲಿ, ಗಂಟು ಮಜಬೂತ ಆಗ್ತದ. ಪಾಸ್‌ವರ್ಡ್ ಅಂತಾರಲ್ರಿ, ಆ ಕೀಲಿಮಾತು ಒಬ್ಬರ ಬಲ್ಲಿ ಇದ್ರ ಸಾಕು."

ಆ ಒಬ್ಬರು ನಾನಾದೆ. ಕಂಪ್ಯೂಟರ್ ತಿಳಿಯದವರೇ ಕೀಲಿ ಹಾಕಿ ತೆಗೆಯಬೇಕು ಎಂದು ಅವರ ಪರೀಕ್ಷೆಯ ಷರತ್ತು. ನಮ್ಮ ಮನೆಯ ಫೋಟೋಗಳನ್ನೆಲ್ಲ ಗಂಟು ಕಟ್ಟಿದಳು. ಕೀಲಿಮಾತು ಉದ್ದವಿರಲಿ, ನೀವು ಮರೆಯಬಾರದು, ಬೇರೆಯವರಿಗೆ ಹೊಳೆಯಬಾರದು ಎಂದು ಹೇಳಿ ಮುಖ ತಿರುಗಿಸಿ ಕುಳಿತಳು. ನಾನು ಒಂದೇ ಬೆರಳಿನಿಂದ ಕುಟ್ಟಿದೆ. ಅವಳ ಚಹಾ ಆರಿತು.

ಪರೀಕ್ಷೆಯ ದಿನ ನಾನು ಬೀದರಿನ ನೌಬಾದದ ನಮ್ಮ ಮನೆಯಲ್ಲಿರಬೇಕಿತ್ತು. ಇದ್ದದ್ದು ಸಂತಪುರದಲ್ಲಿ. ತಂಗಿಯ ಮನೆಗೆ ಹೋದವಳು ಬಸ್ಸಿಗಾಗಿ ಕುಳಿತಿದ್ದೆ, ಬಸ್ಸು ಬರಲಿಲ್ಲ, ಫೋನು ಬಂತು.

"ಅತ್ತಿ, ಎಲ್ಲಾರೂ ಕಂಪ್ಯೂಟರ್‌ದಾಗ ನೋಡ್ಲತ್ತಾರ. ಬೇಕಂತ ಗಂಟು ಕೆಡಸೀವಿ, ತಾನಾಗಿ ರಿಪೇರಿ ಆಗ್ಯಾದ. ಕೀಲಿಮಾತು ಹೇಳ್ರಿ. ಇವತ್ತು ತೆರಿಲಿಲ್ಲಂದ್ರ ಬ್ಯಾರೆದವರ ಗಂಟು ಆರಸ್ತಾರ. ಎರಡು ವರ್ಷದ್ದು ಮಣ್ಣಾಗ್ತದ."

"ಮನಿಗಿ ಬಂದು ಹೇಳ್ತೇನಿ."

"ಈಗೇ ಬೇಕ್ರಿ!"

ನನ್ನ ಕಿವಿ ಮಂದ. ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಸುತ್ತಲಿನ ಹೆಂಗಸರೆಲ್ಲ ನನ್ನತ್ತ ತಿರುಗಿದರು. ತೊಂದರೆ ಏನೆಂದರೆ, ನಾನು ಹಾಕಿದ್ದು ಒಡಪು. ಗಂಡನ ಹೆಸರನ್ನು ನಮ್ಮಲ್ಲಿ ಸುಮ್ಮನೆ ಹೇಳುವುದಿಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡಗಟ್ಟಿದಾಗ ಪ್ರಾಸದೊಳಗೆ ಅಡಗಿಸಿ ಹೇಳಬೇಕು. ಅಂದು ಬಾಜಾ ಬಜಂತ್ರಿಯ ಗದ್ದಲದಲ್ಲಿ ಗೊಣಗಿ ಒಳಗೆ ನುಗ್ಗಿದ್ದೆ. ಯಾರಿಗೂ ಕೇಳಿರಲಿಲ್ಲ. ಅದಕ್ಕಿಂತ ಭದ್ರವಾದ ಮಾತು ನನ್ನಲ್ಲಿ ಇರಲಿಲ್ಲ.

ಈಗ ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದೆ.

"ಕೇಳಸ್ಲತ್ತಿಲ್ರಿ, ಜೋರ್ ಹೇಳ್ರಿ!"

ಎದ್ದು ನಿಂತು ಕೂಗಿದೆ:

"ಬಿಳಿಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ಮಾಣಿಕಪ್ಪನ ಕೈ ಹಿಡದು ಕಳಕೊಂಡೆ ಬುದ್ಧಿ!"

ಬಸ್‌ಸ್ಟ್ಯಾಂಡು ಗೊಳ್ಳೆಂದಿತು. ಬುಟ್ಟಿ ಹಿಡಿದ ಒಬ್ಬಾಕೆ, "ಭಾಳ ಛಲೋ ಅದ ಆಯಿ, ಇನ್ನೊಮ್ಮಿ ಹೇಳ್ರಿ," ಅಂದಳು. ಇನ್ನೊಬ್ಬಾಕೆ ಕೇಳುವ ಮೊದಲೇ ತನ್ನ ಗಂಡನ ಒಡಪು ಶುರು ಮಾಡಿದಳು. ಫೋನಿನಲ್ಲಿ ಟಕಟಕ ಕುಟ್ಟುವ ಸದ್ದು ಕೇಳಿತು. ಆಮೇಲೆ ಜ್ಯೋತಿ ಚೀರಿದಳು:

"ತೆರೀತ್ರಿ ಅತ್ತಿ! ಎಲ್ಲಾ ಫೋಟೋ ಬಂದಾವ. ಒಂದೂ ಹೋಗಿಲ್ಲ!"

ಅವಳ ಹಿಂದೆ ನಮ್ಮ ಯಜಮಾನರ ದನಿ: "ಏ, ಅವತ್ತು ಹೊಸ್ತಿಲದಾಗ ಇದೇ ಅಂದಿದ್ದೇನು? ನನ್ನ ಹೊಗಳಿದ್ದಿ ಅಂತ ತಿಳದಿದ್ದೆ."

"ಬ್ಯಾಂಡಿನವ್ರು ನಿಮ್ಮನ್ನ ಉಳಸ್ಯಾರ," ಅಂದು ಫೋನು ಇಟ್ಟೆ.

ಸೊಸೆಯ ಗಂಟು ಗೆದ್ದಿತು. ಅವರೆಲ್ಲ ಅದನ್ನೇ ಆರಿಸಿದರು. ನನಗೆ ಮಾತ್ರ ಹೊಸ ತಾಪತ್ರಯ. ಗುಟ್ಟು ಪೂರಾ ಸಂತಪುರಕ್ಕೆ ಗೊತ್ತಾಯಿತು, ಕೀಲಿಮಾತು ಬದಲಿಸಿ ಎಂದು ಜ್ಯೋತಿ ದಿನಾ ಬೆನ್ನು ಹತ್ತಿದ್ದಾಳೆ. ಉದ್ದವಿರಬೇಕು, ಮರೆಯಬಾರದು, ಯಾರಿಗೂ ಹೊಳೆಯಬಾರದು. ನನಗೆ ಬರುವುದು ಅದೊಂದೇ ಒಡಪು. ಇನ್ನೊಂದು ಬೇಕೆಂದರೆ ಇನ್ನೊಬ್ಬ ಗಂಡ ಬೇಕು, ಅವನಿಗಾಗಿ ಕಳೆದುಕೊಳ್ಳಲು ಇನ್ನೊಂದಿಷ್ಟು ಬುದ್ಧಿಯೂ ಬೇಕು. ಗಂಡ ಸಿಕ್ಕರೂ ಸಿಕ್ಕಾನು.