ಒಂದು ಶಿಖರ, ಒಂದು ಸ್ವೆಟರು

ಎಲ್ಲಕ್ಕೂ ಮೂಲ ಆ ನೀಲಿ ಸ್ವೆಟರು. ಮೂರು ತಿಂಗಳು ಕೂತು ಹೆಂಡತಿ ಹೆಣೆದದ್ದು.

"ಆ ಲ್ಯಾಬಲ್ಲಿ ದಿನಾ ಚಳೀಲಿ ಸಾಯ್ತೀರಿ. ಇವತ್ತು ಇದನ್ನ ಹಾಕ್ಕೊಂಡೇ ಹೋಗ್ಬೇಕು" ಎಂದು ಬಾಗಿಲಲ್ಲೇ ಗಂಡನ ತಲೆಯ ಮೇಲಿಂದ ತೂರಿಸಿದಳು. ಏಳು ವರ್ಷದಿಂದ ಪಿಎಚ್.ಡಿ. ಮಾಡುತ್ತಿರುವ ಗಂಡ ಎದುರು ಮಾತನಾಡುವ ಹಕ್ಕನ್ನು ನಾಲ್ಕನೇ ವರ್ಷಕ್ಕೇ ಕಳೆದುಕೊಂಡಿರುತ್ತಾನೆ.

ಪ್ರಬಂಧ ಒಪ್ಪಿಸಲು ಅಂದೇ ಕೊನೆಯ ದಿನ. ಐದು ಗಂಟೆಯೊಳಗೆ ಗೈಡಿನ ಸಹಿ ಬೀಳಬೇಕು. ಸಹಿಗೆ ಒಂದು ಗ್ರಾಫು ಬಾಕಿ. ಗ್ರಾಫಿಗೆ ಬೇಕಾದ ಕ್ವಾಂಟಂ ಡಾಟುಗಳಲ್ಲಿ ಐದು ಸತ್ತು, ಉಳಿದದ್ದು ಒಂದು.

ಈ ಡಾಟ್ ಎಂದರೆ ಒಂದೇ ಕುರ್ಚಿಯ ಕ್ಷೌರದಂಗಡಿ. ಒಳಗಿರುವ ಎಲೆಕ್ಟ್ರಾನು ಎದ್ದುಹೋಗದೆ ಹೊರಗಿನದಕ್ಕೆ ಪ್ರವೇಶವಿಲ್ಲ. ವೋಲ್ಟೇಜು ಹದವಾಗಿ ಕೂಡಿಬಂದರೆ ಎಲೆಕ್ಟ್ರಾನುಗಳು ಒಂದೊಂದಾಗಿ ದಾಟುತ್ತವೆ, ಗ್ರಾಫಿನಲ್ಲಿ ಶಿಖರ ಏಳುತ್ತದೆ. ಕಾಂತಕ್ಷೇತ್ರ ಏರಿಸಿದರೆ ಆ ಶಿಖರ ಎರಡಾಗಿ ಸೀಳಬೇಕು. ನಮ್ಮ ಸಂಶೋಧಕನ ಬಾಳು ಆ ಸೀಳಿನ ಮೇಲೆ ನಿಂತಿತ್ತು.

ಲ್ಯಾಬಿನ ಬಾಗಿಲಲ್ಲಿ ಗೈಡ್ ಸ್ವಹಸ್ತದಿಂದ ಬರೆದ ನೋಟೀಸು: 'ಮೈಯ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟದೆ ಯಾರೂ ಏನನ್ನೂ ಮುಟ್ಟಕೂಡದು.' ಅದರಡಿಯಲ್ಲೇ ಪಕ್ಕದ ಲ್ಯಾಬಿನ ಮೇಡಂ ಅವನನ್ನು ತಡೆದರು.

"ಅಯ್ಯೋ, ಸಿಂಥೆಟಿಕ್ ನೂಲು! ಮೈಗೆ ಉಜ್ಜಿ ಉಜ್ಜಿ ಕರೆಂಟ್ ಕೂಡಿಸುತ್ತೆ. ಚಟ್ ಅಂತ ಒಂದು ಕಿಡಿ ಹಾರಿದ್ರೆ ನಿಮ್ಮ ಡಾಟ್ ಗೊಟಕ್."

ಅವನು ಸ್ವೆಟರ್ ಕಿತ್ತು, ಅಲ್ಲೇ ಹಾದುಹೋಗುತ್ತಿದ್ದ ಸ್ಟೋರ್ ಕೀಪರನ ಕೈಗೆ ತುರುಕಿದ. "ಎಷ್ಟು ದೂರ ಆಗುತ್ತೋ ಅಷ್ಟು ದೂರ ಇಡಿ. ಆದ್ರೆ ಕಳೀಬೇಡಿ, ಮನೇಲಿ ನನ್ನ ಜೀವ ತೆಗೀತಾಳೆ."

ತೆಳು ಅಂಗಿಯಲ್ಲಿ ಗಡಗಡ ನಡುಗುತ್ತಾ ಕಾಂತಕ್ಷೇತ್ರ ಏರಿಸಿದ. ಶಿಖರ ಅಗಲವಾಗತೊಡಗಿತು. ಅಷ್ಟರಲ್ಲಿ ಸ್ಟೋರ್ ಕೀಪರ್ ಒಳನುಗ್ಗಿದ.

"ಸಾರ್, ಕಪಾಟಲ್ಲಿ ಇಡ್ಲಾ, ಮೊಳೆಗೆ ನೇತು ಹಾಕ್ಲಾ?"

ಅವನ ಸೊಂಟದಲ್ಲಿದ್ದ ಬೀಗದ ಕೈಗೊಂಚಲು ಹಾರಿ ಹೋಗಿ ಯಂತ್ರಕ್ಕೆ ಕಚ್ಚಿಕೊಂಡಿತು. ಕಾಂತಕ್ಷೇತ್ರ ಇಳಿಸಿ, ಗೊಂಚಲು ಬಿಡಿಸಿ, ಮತ್ತೆ ಏರಿಸುವ ಹೊತ್ತಿಗೆ ಎರಡು ಗಂಟೆ ಕಾಲ ಮಣ್ಣುಪಾಲು. ಆಮೇಲೆ ಮೇಡಂ ತಮ್ಮ ಪಂಪು ಚಾಲೂ ಮಾಡಿದರು. ಅದರ ಅದುರಿಗೆ ಗ್ರಾಫಿಗೆ ಮೈಮೇಲೆ ಬಂದಂತಾಯಿತು. ಓಡಿಹೋಗಿ ಕೈಮುಗಿದು ನಿಲ್ಲಿಸಿದರೆ, "ಪಾಪ, ನೀವು ಮೊದಲೇ ಹೇಳಬಾರದಾ?" ಎಂದು ಸಮಾಧಾನ ಹೇಳಲು ಬಂದು ಅರ್ಧ ಗಂಟೆ ಕೂತರು.

ನಾಲ್ಕೂವರೆಗೆ ಶಿಖರ ಎರಡಾಗಿ ಸೀಳಿತು! ಅವನಿಗೆ ಅಳುವೇ ಬಂತು. ಗೈಡಿಗೆ ಫೋನ್ ಮಾಡಿದ.

ಗೈಡ್ ಬಿಳಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಪೆನ್ನು ಹಿಡಿದೇ ಬಂದರು. ಹಿಂದೊಬ್ಬ ಶಿಷ್ಯ ಪೆನ್ಸಿಲಿನಲ್ಲಿ ಶಿಖರ ಬರೆದು ತಂದಂದಿನಿಂದ ಅವರು ಕಣ್ಣಾರೆ ಕಾಣದ ಗ್ರಾಫನ್ನು ನಂಬುತ್ತಿರಲಿಲ್ಲ.

"ನನ್ನೆದುರಿಗೆ ಇನ್ನೊಂದ್ಸಲ ಬರಲಿ. ಸರಿ, ನಾನೇ ತಿರುಗಿಸ್ತೀನಿ" ಎಂದು ಗುಬುಟಿಗೆ ಕೈ ಚಾಚಿದರು.

"ಸಾರ್, ಪಟ್ಟಿ..."

"ನನಗೇ ಹೇಳ್ತೀಯಾ? ಆ ನೋಟೀಸ್ ಬರೆದೋನೇ ನಾನು."

ಚಟ್!

ಗ್ರಾಫು ನೆಲಕ್ಕೆ ಬಿದ್ದು ಚಪ್ಪಟೆಯಾಗಿ ಮಲಗಿತು. ಕೊನೆಯ ಡಾಟು ಸತ್ತಿತ್ತು.

ಗೈಡ್ ಬೆರಳು ಚೀಪುತ್ತಾ ಅದನ್ನೇ ನೋಡಿದರು. "ಇಷ್ಟು ನಾಜೂಕಾದ್ರೆ ಮೊದಲು ಬಂದಿದ್ದು ನಿಜಾನಾ ಅಂತ ಹೇಗೆ ನಂಬೋದು? ಇನ್ನೊಂದು ಡಾಟ್ ಮಾಡು. ಅವಸರ ಬೇಡ, ಒಂದು ವರ್ಷ ತಗೋ." ಮೈ ಬಿಸಿಯಾಗಿತ್ತೇನೋ, ಕೋಟಿನ ಗುಂಡಿ ಬಿಚ್ಚಿದರು. ಒಳಗೆ ನೀಲಿ ಸ್ವೆಟರು!

"ಅಂದ ಹಾಗೆ, ಬಹಳ ಬೆಚ್ಚಗಿದೆಯಪ್ಪ. ಗೈಡಿಗೆ ಚಳಿ ಅಂತ ನೆನಪಿಟ್ಟು ಕಳಿಸಿದ್ದೀಯ. ಸ್ಟೋರ್ ಕೀಪರ್ ತಂದುಕೊಟ್ಟ."

ಬಾಗಿಲಲ್ಲಿ ಸ್ಟೋರ್ ಕೀಪರ್ ಹಲ್ಲು ಕಿರಿದ. "ದೂರ ಇಡಿ ಅಂದ್ರಲ್ಲ ಸಾರ್, ಮೂರನೇ ಮಹಡಿಗೇ ತಲುಪಿಸಿದೆ. ಪಾಪ, ಗೈಡ್ ಸಾರೂ ನಡುಗ್ತಿದ್ರು."

ಐದಕ್ಕೆ ಇನ್ನೂ ಎರಡು ನಿಮಿಷವಿತ್ತು. ಗೈಡ್ ಸ್ವೆಟರಿನ ಮೋಟು ತೋಳನ್ನು ಕೆಳಕ್ಕೆಳೆದುಕೊಂಡು ಸಹಿ ಹಾಕಿಯೇಬಿಟ್ಟರು, ಒಂದು ವರ್ಷದ ಗಡುವು ವಿಸ್ತರಣೆಯ ಅರ್ಜಿಗೆ.

"ನಿನ್ನ ಹೆಂಡತಿಗೆ ಹೇಳು" ಎಂದರು ಹೊರಡುತ್ತಾ, "ಮುಂದಿನ ಚಳಿಗಾಲಕ್ಕೆ ತೋಳು ಸ್ವಲ್ಪ ಉದ್ದ ಇರಲಿ."